ಹನ್ನೊಂದು ಮನೆಯ ಆಯುಸ್ಸು

ನಾನು ಹುಟ್ಟಿದ ಹನ್ನೊಂದನೆಯ ದಿನ ನನ್ನನ್ನು ಬಾವಿಗೆ ಬರೆದುಕೊಟ್ಟರು. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ನಿಂಬೆವ್ವ ಎಂದು ಮೂರು ಸಲ ಕೂಗಿ, ಆ ಕೂಗು ಆರುವ ಮೊದಲೇ ಬಾವಿಯ ಕಟ್ಟೆಗೆ ಒಯ್ದು ನನ್ನ ಅಂಗೈಯನ್ನು ಹಗ್ಗಕ್ಕೆ ಮುಟ್ಟಿಸಿದರಂತೆ. ನಾನು ಜೋರಾಗಿ ಅತ್ತೆನಂತೆ. ಕೂಸಿನ ದನಿ ಗಟ್ಟಿ ಇದೆ, ಬಹಳ ವರ್ಷ ಬಾಳುತ್ತದೆ ಎಂದು ಓಣಿಯವರೆಲ್ಲ ಹಿಗ್ಗಿ ಸಕ್ಕರೆ ಹಂಚಿದರಂತೆ. ಅರವತ್ತೊಂದು ವರ್ಷವಾಯಿತು. ಅವರ ಲೆಕ್ಕ ತಪ್ಪಲಿಲ್ಲ, ನನ್ನ ಗ್ರಹಚಾರ.

ಬಾವಿ ನಮ್ಮದಲ್ಲ, ರಾಚಪ್ಪ ಸಾವಕಾರರ ಮನೆತನದ್ದು. ನಮ್ಮ ಓಣಿಯ ಹನ್ನೊಂದು ಮನೆಗಳು ನೂಲಿಗೆ ಬಣ್ಣ ಹಾಕಿ ಬದುಕುವಂಥವು. ಹೊಳೆಯ ನೀರು ಸವಳು, ಅದರಲ್ಲಿ ಅದ್ದಿದ ನೂಲು ಎರಡು ಒಗೆತಕ್ಕೆ ಬೋಳಾಗುತ್ತದೆ. ಈ ಬಾವಿಯ ನೀರಿಗೆ ಮಾತ್ರ ಬಣ್ಣ ನಿಲ್ಲುತ್ತದೆ. ಆಗ ಹೊಳೆಯ ಆಚೆ ಇದ್ದ ರಾಚಪ್ಪನವರ ಅಜ್ಜನಿಗೆ ಬಾವಿಯ ಹತ್ತಿರ ಮನೆ ಕಟ್ಟಲು ಜಾಗ ಬೇಕಿತ್ತು, ನಮ್ಮವರಿಗೆ ನೀರು ಬೇಕಿತ್ತು. ನಮ್ಮವರು ಜಾಗ ಕೊಟ್ಟು ಕಾಗದ ಬರೆಸಿಕೊಂಡರು: ಬಾವಿ ಸಾವಕಾರರದು, ನೀರಿನ ಅನುಭೋಗ ಹನ್ನೊಂದು ಮನೆಯವರದು, ಈ ಕೂಸು ಜೀವದಿಂದ ಇರುವ ತನಕ. ನಮ್ಮೂರಿನಲ್ಲಿ ಎಲ್ಲ ಅನುಭೋಗವನ್ನೂ ಬರೆಯುವುದು ಹೀಗೆಯೇ, ಒಂದು ಜೀವದ ಮೇಲೆ. ಆ ಜೀವ ಹೋದ ಗಳಿಗೆಗೆ ಹಕ್ಕೂ ಹೋಗುತ್ತದೆ. ಅದಕ್ಕೇ ಎಲ್ಲರೂ ಹಸುಗೂಸನ್ನೇ ಹುಡುಕುತ್ತಾರೆ.

ಹಕ್ಕು ಹೋದರೆ ಏನಾಗುತ್ತದೆ ಎಂಬುದನ್ನು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಕ್ಕಿಲ್ಲದವನು ಕೊಡ ಬಿಟ್ಟರೆ ಅದು ಗುಳುಗುಳು ಎಂದು ಮುಳುಗುತ್ತದೆ, ಹಗ್ಗ ಭಾರವಾಗುತ್ತದೆ, ಎಳೆದು ಎಳೆದು ಕಟ್ಟೆಯ ಮೇಲೆ ಇಟ್ಟು ನೋಡಿದರೆ ಒಳಗೆ ಒಂದು ಹನಿಯೂ ಇರುವುದಿಲ್ಲ. ಹಕ್ಕಿಲ್ಲದವನು ಮರದ ಕೆಳಗೆ ಕೂತರೆ ಅವನ ಮೈಮೇಲೆ ನೆರಳು ಬೀಳುವುದಿಲ್ಲ. ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ, ಕೇಳುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ರಾಚಪ್ಪನವರಂತೂ ಬಾವಿಯ ಒಡೆಯರು, ಅವರ ಹೊಸ್ತಿಲಿನಿಂದ ಬಾವಿಗೆ ಮೂವತ್ತು ಹೆಜ್ಜೆ. ಆದರೂ ಅನುಭೋಗ ನಮ್ಮ ಕೈಯಲ್ಲಿದ್ದುದರಿಂದ ಅವರ ಕೊಡ ಬರಿದೇ ಬರುತ್ತಿತ್ತು. ನಾವು ಸೇದಿ ಕೊಟ್ಟರೂ ಅವರ ಬಾಗಿಲು ದಾಟುವಷ್ಟರಲ್ಲಿ ಕೊಡ ಒಣಗುತ್ತಿತ್ತು. ಆ ಮನೆಗೆ ಮೂರು ತಲೆಮಾರಿನಿಂದ ಹೊಳೆಯ ಸವಳು ನೀರೇ ಗತಿ.

ಪಡುವಲ ಓಣಿಯವರು ತಮ್ಮ ಮಾವಿನ ತೋಪಿನ ಅನುಭೋಗವನ್ನು ಒಂದು ಗಂಡು ಕೂಸಿನ ಮೇಲೆ ಬರೆಸಿದ್ದರು. ಅದು ಒಂಬತ್ತನೆಯ ತಿಂಗಳಿಗೆ ಗೊಬ್ಬರ, ಅಂದರೆ ದಡಾರ, ಬಂದು ಸತ್ತಿತು. ಈಗ ಪಡುವಲ ಓಣಿಯಲ್ಲಿ ಬಾಗಿಲಿಲ್ಲದ ಮನೆಗಳಿವೆ, ಮನುಷ್ಯರಿಲ್ಲ. ನಮ್ಮವರು ಅದನ್ನು ಕಣ್ಣಾರೆ ಕಂಡಿದ್ದರು. ಹಾಗಾಗಿ ನನ್ನನ್ನು ಕಾಯತೊಡಗಿದರು. ನನಗೆ ಮುಳ್ಳು ತೆಗೆದ ಮೀನು, ಬಿಸಿ ಆರಿಸಿದ ರೊಟ್ಟಿ. ಮರ ಹತ್ತುವಂತಿಲ್ಲ, ಹೊಳೆಗೆ ಇಳಿಯುವಂತಿಲ್ಲ, ಎಮ್ಮೆಯ ಹಿಂದೆ ನಡೆಯುವಂತಿಲ್ಲ. ಶಾಲೆ ದೊಡ್ಡ ರಸ್ತೆಯ ಆಚೆಗಿತ್ತು, ಆದ್ದರಿಂದ ಶಾಲೆಯೂ ಇಲ್ಲ. ನನ್ನ ತಂಗಿ ಶಾವಂತ್ರೆವ್ವ ಪಾಟಿ ಹಿಡಿದು ಓಡುವುದನ್ನು ನಾನು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಅವಳು ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದರೆ ಅವ್ವ ಎರಡು ಬಾರಿಸುತ್ತಿದ್ದಳು. ನನಗೆ ಒಂದು ಸಲವೂ ಹೊಡೆಯಲಿಲ್ಲ. ಹೊಡೆದಿದ್ದರೆ ಅವ್ವ ಎನ್ನಿಸುತ್ತಿದ್ದಳೇನೋ.

ನಾನೂ ಸಾಧುವಲ್ಲ. ಏಳು ವರ್ಷದವಳಿದ್ದಾಗ ಹಸಿರು ಬಳೆ ಬೇಕೆಂದು ಹಟ ಹಿಡಿದೆ. ಆಮೇಲೆ ನೋಡೋಣ ಎಂದರು. ನಾನು ಸೀದಾ ಹೋಗಿ ಬಾವಿಯ ಕಟ್ಟೆ ಹತ್ತಿ, ಕಾಲನ್ನು ಒಳಗೆ ಇಳಿಬಿಟ್ಟು ಕೂತೆ. ಯಾರೋ ಕಿಟಾರನೆ ಚೀರಿದರು. ಬಣ್ಣದ ಬಾನಿಯಲ್ಲಿ ಅದ್ದಿದ ನೂಲಿನ ಲಡಿಗಳನ್ನು ಅಲ್ಲೇ ಬಿಟ್ಟು ಹನ್ನೊಂದು ಮನೆಯವರೂ ಓಡಿ ಬಂದರು. ಓಣಿಯ ಹಿರಿಯ ಗದಿಗೆಪ್ಪಜ್ಜ ನೀಲಿ ಹತ್ತಿದ ಎರಡೂ ಕೈ ಜೋಡಿಸಿ ನೆಲಕ್ಕೆ ಮೊಣಕಾಲೂರಿ, "ಇಳಿಯವಾ ನನ್ನವ್ವಾ, ನೀ ಏನ್ ಕೇಳತಿ ಕೊಡ್ತೀವಿ, ಇಳಿ" ಎಂದು ಅತ್ತ. ಅಂಥ ಸುಖ ನನಗೆ ಮತ್ತೆ ಯಾವತ್ತೂ ಸಿಗಲಿಲ್ಲ. ಎರಡೂ ಕೈಗೆ ಡಜನ್ ಡಜನ್ ಬಳೆ ಬಂದವು. ಅವತ್ತಿನಿಂದ ನಾನು ಬಾವಿಗೆ ಹತ್ತು ಹೆಜ್ಜೆ ದೂರವೇ ನಿಲ್ಲಬೇಕೆಂದು ಗೆರೆ ಎಳೆದರು. ಓಣಿಯೆಲ್ಲ ನನ್ನ ಜೀವದ ಮೇಲೆ ನೀರು ಸೇದುತ್ತಿತ್ತು, ನಾನು ಮಾತ್ರ ಒಂದು ತಂಬಿಗೆಯನ್ನೂ ನನ್ನ ಕೈಯಾರೆ ಸೇದಲಿಲ್ಲ.

ನಾನು ಬದುಕಿದ್ದೇನೆಯೇ ಎಂದು ತಿಳಿಯಲು ಯಾರೂ ನನ್ನ ಮನೆಗೆ ಬರಬೇಕಾಗಿರಲಿಲ್ಲ, ಅದೊಂದು ತಮಾಷೆ. ಬೆಳಿಗ್ಗೆ ಮೊದಲ ಕೊಡ ಮೇಲೆ ಬಂದಾಗ "ತುಂಬೈತಿ!" ಎಂದು ಒಬ್ಬರು ಕೂಗುತ್ತಿದ್ದರು. ಆ ಕೂಗು ಮನೆಯಿಂದ ಮನೆಗೆ ಹೋಗುತ್ತಿತ್ತು. ನಾನು ಹಾಸಿಗೆಯಲ್ಲಿ ಬಿದ್ದುಕೊಂಡೇ ಅದನ್ನು ಕೇಳುತ್ತಿದ್ದೆ. ಜ್ವರ ಬಂದಿರಲಿ, ಹಲ್ಲುನೋವಿರಲಿ, ಕೊಡ ತುಂಬಿತೆಂದರೆ ನಿಂಬೆವ್ವ ಸುಖವಾಗಿದ್ದಾಳೆ ಎಂದೇ ಅರ್ಥ. ಹೇಗಿದ್ದೀ ಎಂದು ನನ್ನನ್ನು ಕೇಳುವವರು ಊರಿಗೆಲ್ಲ ಒಬ್ಬರೇ, ರಾಚಪ್ಪ ಸಾವಕಾರರು. ವಾರಕ್ಕೊಮ್ಮೆ ಕೋಲೂರಿಕೊಂಡು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, "ಹ್ಯಾಂಗದೀ ನಿಂಬೆವ್ವಾ? ಉಂಡದ್ದು ಅರಗತೈತಿ? ನಿದ್ದಿ ಬರತೈತಿ?" ಎಂದು ವಿಚಾರಿಸುತ್ತಿದ್ದರು. ನಾನು ಯಾವಾಗ ಸಾಯುತ್ತೇನೆ ಎಂದು ಕಾಯುತ್ತಿದ್ದರು ಪಾಪ. ಅವರ ಅಪ್ಪನೂ ಹೀಗೇ ಕಾದು ಕಾದು ಸತ್ತಿದ್ದ. ನಾನು ನಗುತ್ತ, "ಇನ್ನೂ ಗಟ್ಟಿ ಅದೀನ್ರಿ, ನೀವು ಒಳ್ಳೆ ಊಟ ಮಾಡ್ರಿ, ನನ್ನಕಿಂತ ಮೊದಲ ಹೋದೀರಿ" ಎನ್ನುತ್ತಿದ್ದೆ. ಅವರೂ ನಗುತ್ತಿದ್ದರು. ಆದರೂ ಕೇಳುತ್ತಿದ್ದರಲ್ಲ.

ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಸೋಮನಿಂಗ ಬಂದ. ಮಗ್ಗದ ಫಣಿ ಕಟ್ಟುವವನು, ಊರೂರು ತಿರುಗಿ ಎಳೆಗಳ ನಡುವೆ ಆಡುವ ಆ ಬಾಚಣಿಗೆಯ ಹಲ್ಲು ಸರಿಪಡಿಸುವುದು ಅವನ ಕಸುಬು. ನಮ್ಮ ಪಕ್ಕದ ನೇಕಾರರ ಓಣಿಗೆ ಬಂದವನು ನಮ್ಮ ಕಟ್ಟೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದ. ನನ್ನನ್ನು ಒಡೆಯಬಾರದ ಗಾಜಿನಂತೆ ನೋಡದ ಗಂಡಸು ಅವನೊಬ್ಬನೇ. "ಏನಬೇ, ಆ ಸುತ್ತಿಗಿ ಕೊಡು" ಎಂದ. ನಾನು ಕೊಟ್ಟೆ. ಅದು ಜಾರಿ ನನ್ನ ಹೆಬ್ಬೆರಳ ಮೇಲೆ ಬಿತ್ತು, ಉಗುರು ಕಪ್ಪಾಯಿತು. ನಾನು ಖುಷಿಯಿಂದ ಆ ಉಗುರನ್ನು ತಿಂಗಳುಗಟ್ಟಲೆ ನೋಡಿಕೊಂಡೆ.

ಅವನು ನನ್ನನ್ನು ಮದುವೆಗೆ ಕೇಳಿದಾಗ ಓಣಿ ಸೇರಿತು. ಹಿಂದಿನ ಹತ್ತು ವರ್ಷದಲ್ಲಿ ನಮ್ಮ ಓಣಿಯ ಮೂವರು ಹೆಂಗಸರು ಹೆರಿಗೆಯಲ್ಲಿ ಹೋಗಿದ್ದರು. ಗದಿಗೆಪ್ಪಜ್ಜ ನನ್ನ ಮುಖ ನೋಡದೆ ಹೇಳಿದ, "ಮದುವಿ ಆಗ್ಲಿ. ಊರ್ ಬಿಟ್ ಹೋಗೂದ್ ಬ್ಯಾಡ. ಮಕ್ಕಳೂ ಬ್ಯಾಡ. ಬಸ್ರಿ ಅಂದ್ರ ಅರ್ಧ ಸಾವು." ಸೋಮನಿಂಗ ತಲೆಯಾಡಿಸಿದ. ನಾನೂ ಆಡಿಸಿದೆ. ಆಗಿನ ನನ್ನ ಸ್ಥಿತಿಯಲ್ಲಿ ಯಾವುದಕ್ಕಾದರೂ ತಲೆಯಾಡಿಸುತ್ತಿದ್ದೆ.

ಎರಡು ವರ್ಷ ಸಂಸಾರ ಮಾಡಿದೆವು. ಮೂರನೆಯ ವರ್ಷ ನನಗೆ ತಿಂಗಳು ನಿಂತಿತು. ನಾನು ಯಾರಿಗೂ ಹೇಳಲಿಲ್ಲ, ಹುಣಸೆಹಣ್ಣು ಕದ್ದು ತಿಂದೆ. ಆದರೆ ಓಣಿಯ ಕಣ್ಣು ಯಾವಾಗಲೂ ನನ್ನ ಮೇಲೆಯೇ ಇತ್ತು. ಮೂರನೆಯ ತಿಂಗಳಿಗೆ ನನ್ನ ಅವ್ವ ಒಂದು ಬಟ್ಟಲು ಕಷಾಯ ತಂದಳು. ಪಿತ್ತಕ್ಕೆ ಎಂದಳು. ಬಟ್ಟಲನ್ನು ತಾನೇ ನನ್ನ ಬಾಯಿಗೆ ಹಿಡಿದಳು. ನನಗೆ ಗೊತ್ತಾಯಿತು ಎಂದು ಅವಳಿಗೂ ಗೊತ್ತಾಯಿತು. ಬಾಗಿಲಲ್ಲಿ ಗದಿಗೆಪ್ಪಜ್ಜ, ಅವನ ಹಿಂದೆ ಎಲ್ಲರೂ. ನಾನು ಬೇಡ ಎಂದೆ. ಅವ್ವ, "ಹನ್ನೊಂದ್ ಮನಿ ಮಕ್ಕಳು ಬೀದಿಗೆ ಬೀಳ್ತಾವ ನಿಂಬಿ, ಕುಡಿ" ಎಂದು ನನ್ನ ಮೂಗು ಹಿಡಿದಳು.

ಆ ದಿನ ನಾನು ಸತ್ತೇಹೋಗುವಷ್ಟು ರಕ್ತ ಹೋಯಿತು. ಬಾವಿಯ ಕೊಡ ಅರ್ಧ ಮಾತ್ರ ತುಂಬಿ ಬಂತು. ಓಣಿಯಲ್ಲಿ ಹಾಹಾಕಾರ ಎದ್ದಿತು. ಮೂರು ದಿನ ಪಾಳಿ ಹಾಕಿಕೊಂಡು ಬಾವಿಯ ಸುತ್ತ ನಿಂತರು. ಒಂದು ಕೊಡ ಸೇದುವುದು, ಎಷ್ಟು ಬಂತು ಎಂದು ನೋಡುವುದು, ಚೆಲ್ಲುವುದು, ಮತ್ತೆ ಸೇದುವುದು. ನನ್ನ ಹಾಸಿಗೆಯ ಬಳಿ ಸೋಮನಿಂಗನನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾಲ್ಕನೆಯ ದಿನ "ತುಂಬೈತಿ!" ಎಂಬ ಕೂಗು ಕೇಳಿಸಿತು. ಅದೇ ದಿನ ಅವನ ಫಣಿಯ ಚೀಲವನ್ನು ಓಣಿಯ ಹೊರಗಿಟ್ಟರು. ಅವನು ಬಾಗಿಲಲ್ಲಿ ನಿಂತು, "ನಡಿ ನಿಂಬೆವ್ವಾ, ಹೋಗೂಣು. ಈ ಮಂದಿ ನೀರಾಗ ಮುಳುಗಿ ಹೋಗ್ಲಿ" ಎಂದ. ನನಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಅವನು ಸಂಜೆಯ ತನಕ ಕಾದು ಹೋದ. ಆಮೇಲೆ ಅವನ ಸುದ್ದಿ ಬರಲಿಲ್ಲ. ನಾನು ಅವ್ವನ ಜೊತೆ ಅವಳು ಸಾಯುವ ತನಕ ಮಾತಾಡಲಿಲ್ಲ. ಮಾತಾಡಬೇಕಿತ್ತು ಎಂದು ಈಗ ಅನ್ನಿಸುತ್ತದೆ, ಅವಳಿಗೂ ಇನ್ಯಾವ ದಾರಿ ಇತ್ತು?

ಉಳಿದ ವರ್ಷಗಳಲ್ಲಿ ಹೇಳುವಂಥದ್ದು ಏನೂ ಇಲ್ಲ. ತಂಗಿ ಶಾವಂತ್ರೆವ್ವ ಮದುವೆಯಾದಳು, ಹೆತ್ತಳು, ಹೋದ ವರ್ಷ ಅಟ್ಟದಿಂದ ಬಿದ್ದು ಸತ್ತಳು. ಅವಳು ಸತ್ತಾಗ ಯಾವುದೂ ಬತ್ತಲಿಲ್ಲ. ಜನ ಬಂದು ಮನಸ್ಸು ಬಿಚ್ಚಿ ಅತ್ತರು. ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ನಾನು ಸತ್ತರೆ ಯಾರೂ ನನಗಾಗಿ ಅಳುವುದಿಲ್ಲ, ಬಾವಿಗಾಗಿ ಅಳುತ್ತಾರೆ. ಅವಳ ಮಗಳು ಮಾಂತವ್ವ, ಗಂಡ ಬಿಟ್ಟುಹೋದ ಮೇಲೆ, ನನ್ನ ಜೊತೆಗಿದ್ದಳು. ರೊಟ್ಟಿ ಬಡಿದು ಹಾಕಿ, ತಲೆಗೆ ಎಣ್ಣೆ ಹಚ್ಚಿ, "ದೊಡ್ಡವ್ವಾ, ನೀ ಉಂಡಿ ಇಲ್ಲ?" ಎಂದು ಬೈಯುವವಳು ಅವಳು.

ಈ ಬೇಸಿಗೆಯಲ್ಲಿ ನನ್ನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ವೈದ್ಯರು ಹೇಳಿದರು. ವಾಸಿಯಾಗುವುದಿಲ್ಲ, ಆದರೆ ಬೇಗ ಮುಗಿಯುವುದೂ ಇಲ್ಲ. ಓಣಿ ಮತ್ತೆ ಸೇರಿತು. ಈಗ ಓಣಿಯ ಹಿರಿಯನೆಂದರೆ ಗದಿಗೆಪ್ಪಜ್ಜನ ಮಗ ಕಳಕಪ್ಪ. ಮೂಗಿನಿಂದ ನಳಿಗೆ ಹಾಕಿ ಗಂಜಿ ಬಿಟ್ಟರೆ ಎಂಟು ವರ್ಷ ಎಳೆಯಬಹುದೆಂದು ಎಲ್ಲೋ ಕೇಳಿ ಬಂದಿದ್ದ. ಎಂಟು ವರ್ಷ ಎನ್ನುವಾಗ ಅವನ ಮುಖ ಅರಳಿತ್ತು. ನೋವು ಬಂದರೆ ನಾನು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಹೊರಗೆ "ತುಂಬೈತಿ!" ಎಂದು ಕೂಗುತ್ತಿದ್ದರು.

ಆಗ ನಾನು ರಾಚಪ್ಪ ಸಾವಕಾರರ ಮನೆಗೆ ಹೋದೆ. ಅವರಿಗೆ ಎಪ್ಪತ್ತಮೂರು, ಕೆಮ್ಮು, ಮಕ್ಕಳಿಲ್ಲ. ಅವರು ಹೋದರೆ ಬಾವಿಯ ಒಡೆತನ ಬೇರೆ ಊರಿನಲ್ಲಿರುವ ಅಣ್ಣನ ಮಗನಿಗೆ. ಅವನು ಇತ್ತ ಕಾಲಿಡುವವನಲ್ಲ, ಯಾವ ಕಾಗದಕ್ಕೂ ಕೈ ಹಾಕುವವನಲ್ಲ. ಜೀವ ಬದಲಿಸಿ ಕೊಡಿರೆಂದು ಓಣಿಯವರು ಸಾವಕಾರರ ಅಪ್ಪನನ್ನು ಒಮ್ಮೆ, ಇವರನ್ನು ಒಮ್ಮೆ ಕೇಳಿದ್ದರು. ಇಬ್ಬರೂ ಒಲ್ಲೆ ಎಂದಿದ್ದರು. ಎಷ್ಟೋ ವರ್ಷ ಕಾದ ಮೇಲೆ ಯಾರು ತಾನೇ ಒಪ್ಪುತ್ತಾರೆ?

ಅವರು ಎಂದಿನಂತೆ, "ಹ್ಯಾಂಗದೀ ನಿಂಬೆವ್ವಾ?" ಎಂದರು. "ಸಾಕಾಗೇದ್ರಿ" ಎಂದೆ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು. "ಸಾವಕಾರ್ರ, ನಾನು ನಿಮ್ಮಕಿಂತ ಮೊದಲ ಸಾಯೂದಿಲ್ಲ. ಇವರು ಬಿಡೂದಿಲ್ಲ. ನಳಿಗಿ ಹಾಕಿ ಇಡ್ತಾರ. ನೀವು ನಿಮ್ ಬಾವಿ ನೀರ್ ಕುಡೀದಽ ಹೋಗ್ತೀರಿ. ಇನ್ನೊಂದ್ ಕೂಸಿನ ಮ್ಯಾಲೆ ಬರದ್ ಕೊಡ್ರಿ. ಹನ್ನೊಂದ್ ಮನಿ ಜೋಡಿ ನಿಮ್ ಮನೀನೂ ಸೇರಿಸಿ ಹನ್ನೆರಡು ಮಾಡ್ರಿ. ನೀವೂ ಕುಡೀರಿ, ನನ್ನನ್ನೂ ಬಿಡ್ರಿ." ಅವರು ಕೋಲನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ, "ಸಿಹಿ ಐತೇನ, ಆ ನೀರು?" ಎಂದು ಸಣ್ಣ ಹುಡುಗನ ಹಾಗೆ ಕೇಳಿದರು. ಸಿಹಿ ಎಂದೆ. ಅವರ ಕಣ್ಣು ಒದ್ದೆಯಾದವು. ಬರೆದು ಕೊಡುತ್ತೇನೆ ಎಂದರು.

ಆ ಹೊತ್ತಿಗೆ ಓಣಿಯಲ್ಲಿದ್ದ ಹಸುಗೂಸು ಒಂದೇ, ಮಾಂತವ್ವನ ಮಗಳು. ಹುಟ್ಟಿ ಎಂಟು ದಿನವಾಗಿತ್ತು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಅದನ್ನು ಎರೆದು ಹೊಗೆ ಹಾಕುತ್ತಿದ್ದವಳೇ ನಾನು.

ಓಣಿ ಕುಣಿದಾಡಿತು. ಕಳಕಪ್ಪ ನನ್ನ ಕಾಲಿಗೆ ಬಿದ್ದ. ಹನ್ನೊಂದನೆಯ ದಿನಕ್ಕೆ ಗೊತ್ತುಮಾಡಿದರು. ಪದ್ಧತಿಯ ಪ್ರಕಾರ ಹಳೆಯ ಜೀವವೇ ಹೊಸ ಜೀವದ ಕೈಯನ್ನು ಹಗ್ಗಕ್ಕೆ ಮುಟ್ಟಿಸಬೇಕು. ನಾನು ಒಲ್ಲೆ ಎಂದರೆ ಕಾಗದ ನಿಲ್ಲುವುದಿಲ್ಲ. ಅದು ಮಾಂತವ್ವನಿಗೂ ಗೊತ್ತಿತ್ತು. ಹತ್ತನೆಯ ದಿನ ಬೆಳಿಗ್ಗೆ ಅವಳು ಕೂಸನ್ನು ಎದೆಗೆ ಅವಚಿಕೊಂಡು ನನ್ನ ಮುಂದೆ ಕೂತಳು. "ದೊಡ್ಡವ್ವಾ, ನೀ ಹ್ಯಾಂಗ್ ಬದುಕೀದಿ ಅನ್ನೂದು ನಾ ನೋಡೀನಿ. ನೀ ಹೇಳಿದ್ದೆಲ್ಲಾ ಕೇಳೀನಿ. ಇಕಿನ್ನ ಕೊಡಬ್ಯಾಡ" ಎಂದಳು. ನಾನು ಸೆರಗಿನ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. "ಎರಡ ತಿಂಗಳ ತಡಿ. ಕಳಕಪ್ಪ ಕಾಕಾನ ಸೊಸಿ ಹಡೀತಾಳ" ಎಂದಳು. "ಅದೂ ಕೂಸಽ ಅಲ್ಲೇನ?" ಎಂದೆ. ಮಾತು ನ್ಯಾಯವಾದದ್ದೇ. ಆದರೆ ನಾನು ಅದನ್ನು ನ್ಯಾಯಕ್ಕಾಗಿ ಆಡಲಿಲ್ಲ. ಎರಡು ತಿಂಗಳು ಎಂದರೆ ಅರವತ್ತು ಬೆಳಗು, ಅರವತ್ತು ಸಲ ಆ ಕೂಗು, ಸಾವಕಾರರ ಕೆಮ್ಮು ಬೇರೆ. ನನ್ನಿಂದ ಆಗುತ್ತಿರಲಿಲ್ಲ. ಮಾಂತವ್ವ ನನ್ನ ಮುಖವನ್ನೇ ನೋಡಿದಳು. ನನ್ನ ಅವ್ವನ ಕೈಯಲ್ಲಿದ್ದ ಬಟ್ಟಲನ್ನು ನಾನು ನೋಡಿದ್ದು ಹಾಗೆಯೇ ಇರಬೇಕು. ಆಮೇಲೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಇಬ್ಬರು ಹೆಂಗಸರು ನನ್ನ ರಟ್ಟೆ ಹಿಡಿದು ಗೆರೆ ದಾಟಿಸಿ ಬಾವಿಗೆ ಕರೆದೊಯ್ದರು. ಕೂಸಿಗೆ ಹೊನ್ನವ್ವ ಎಂದು ಹೆಸರಿಟ್ಟರು. ನಾನು ಅದರ ಮುಷ್ಟಿ ಬಿಡಿಸಿದೆ. ಇಷ್ಟಿಷ್ಟೇ ಬೆರಳು, ಬಿಡಿಸಿದರೂ ಮತ್ತೆ ಮಡಚಿಕೊಳ್ಳುತ್ತಿದ್ದವು. ಮೂರನೆಯ ಸಲ ಗಟ್ಟಿಯಾಗಿ ಹಿಡಿದು ಹಗ್ಗಕ್ಕೆ ಒತ್ತಿದೆ. ಅದು ಚಿಟ್ಟನೆ ಚೀರಿತು. "ದನಿ ಗಟ್ಟಿ ಐತಿ!" ಎಂದು ಕಳಕಪ್ಪ ಕೂಗಿದ. ಸಕ್ಕರೆ ಹಂಚಿದರು. ನನ್ನ ಕೈಗೂ ಒಂದು ಚಿಟಿಕೆ ಹಾಕಿದರು, ನಾನು ತಿಂದೆ.

ಅದಾದ ಮರುದಿನ ಎದ್ದಾಗ ಬೆಳಕು ಹರಿದಿತ್ತು. ಮಾಂತವ್ವನ ಒಲೆ ತಣ್ಣಗಿತ್ತು, ಅವಳೂ ಕೂಸೂ ಇರಲಿಲ್ಲ. ಮುಚ್ಚಳದ ಕೆಳಗೆ ನನಗೆಂದು ರೊಟ್ಟಿ ಇರಲಿಲ್ಲ. "ತುಂಬೈತಿ!" ಎಂಬ ಕೂಗು ಕೇಳಿಸಿತು. ಎಂದಿನಂತೆ ಮನೆಯಿಂದ ಮನೆಗೆ ಹೋಯಿತು, ನಮ್ಮ ಮನೆಯ ಮುಂದೆಯೂ ಹೋಯಿತು. ನನ್ನ ಬಗ್ಗೆ ಅಲ್ಲದ ಆ ಕೂಗನ್ನು ಮೊದಲ ಸಲ ಕೇಳಿದೆ. ನಗಬೇಕೆಂದುಕೊಂಡೆ, ಇದಕ್ಕಾಗಿಯೇ ಅಲ್ಲವೇ ಎಲ್ಲ ಮಾಡಿದ್ದು. ನಗು ಬರಲಿಲ್ಲ.

ಗೋಡೆ ಹಿಡಿದುಕೊಂಡು ಬಾವಿಗೆ ಹೋದೆ. ಯಾರೂ ತಡೆಯಲಿಲ್ಲ. ಮಾಂತವ್ವ ಕೂಸನ್ನು ಎತ್ತಿಕೊಂಡು ದೂರ ನಿಂತಿದ್ದಳು, ಅವಳ ಎಡಕ್ಕೊಬ್ಬಳು ಬಲಕ್ಕೊಬ್ಬಳು ಕಾವಲು. ನನ್ನನ್ನು ನೋಡಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ರಾಚಪ್ಪ ಸಾವಕಾರರು ತಾವೇ ಸೇದಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಗಡ್ಡದಿಂದ ನೀರು ಇಳಿಯುತ್ತಿತ್ತು. ನಾನು ಅವರ ಎದುರಿಗೇ ನಿಂತೆ. ಹೇಗಿದ್ದೀ ಎಂದು ಅವರು ಕೇಳಲಿಲ್ಲ. ತಂಬಿಗೆ ತುಂಬಿಕೊಂಡು, ಹೊನ್ನವ್ವನ ಹತ್ತಿರ ಹೋಗಿ, "ಕೂಸು ಹಾಲ್ ಕುಡೀತೇನವಾ?" ಎಂದು ಮಾಂತವ್ವನನ್ನು ಕೇಳಿದರು.

ನಾನು ಕಟ್ಟೆ ಹತ್ತಿದೆ. ಹೊಟ್ಟೆ ಹಿಂಡಿತು, ಆದರೂ ಹತ್ತಿದೆ. ಏಳು ವರ್ಷದವಳಿದ್ದಾಗ ಕೂತ ಜಾಗದಲ್ಲೇ ಕೂತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟೆ. ಕೆಳಗೆ ನೀರು ಕಪ್ಪಗೆ ಅಲುಗುತ್ತಿತ್ತು. ಯಾರಾದರೂ ಚೀರುತ್ತಾರೆ ಎಂದು ಕಾದೆ. ಹಿಂದೆ ಕೊಡಗಳ ಸದ್ದು, ಲಡಿ ಒಗೆಯುವ ಸದ್ದು, ಮಾತು, ನಗು. ಸ್ವಲ್ಪ ಹೊತ್ತಿಗೆ ಕಳಕಪ್ಪನ ಹೆಂಡತಿ ಬಂದು ನನ್ನ ಭುಜ ಮುಟ್ಟಿದಳು.

"ಆಕಡೆ ಸರಿಯವಾ ಚೂರು" ಎಂದಳು, "ಕೊಡ ಇಡಬೇಕು."

ನಾನು ಸರಿದೆ.